ಎಂಆರ್‌ಐ ಸರಿ ಬಂದಿದೆ, ಆದ್ರೂ ಮಣಿಕಟ್ಟಿಗೆ ದುರ್ಬೀನು ಯಾಕೆ?

ಪ್ರಶ್ನೆ (ಟರ್ನರ್, ಉದ್ಯಮಬಾಗ, ಬೆಳಗಾವಿ):
ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನನಗೆ 34 ವರ್ಷ, ಲೇಥ್ ಮೇಲೆ ಕೆಲಸ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಖಾನಾಪುರ ರಸ್ತೆಯಲ್ಲಿ ಬೈಕ್ ಜಾರಿ ಬಲಗೈ ಊರಿಕೊಂಡು ಬಿದ್ದೆ. ಅವತ್ತೇ ಎಕ್ಸ್‌ರೇ ತೆಗೆಸಿದೆ. ಎಲುಬು ಮುರಿದಿಲ್ಲ, ಉಳುಕಿದೆ ಅಷ್ಟೇ ಅಂದರು. ಊರಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೆ, ಪಟ್ಟಿ ಸುತ್ತಿದೆ, ತಿಂಗಳಲ್ಲಿ ಕಡಿಮೆ ಆಯ್ತು. ಈಗ ಆರು ತಿಂಗಳಿಂದ ಚಕ್ ಕೀ ಹಾಕಿ ಬಿಗಿ ಮಾಡುವಾಗ ಹೆಬ್ಬೆರಳಿನ ಬುಡದಲ್ಲಿ ಜೀವ ಹೋದ ಹಾಗೆ ಆಗುತ್ತೆ. 7 ಸಾವಿರ ಕೊಟ್ಟು ಎಂಆರ್‌ಐ ಮಾಡಿಸಿದೆ. ರಿಪೋರ್ಟಿನಲ್ಲಿ ಸ್ಕೇಫಾಯ್ಡ್ ಅನ್ನೋ ಮಣಿಕಟ್ಟಿನ ಸಣ್ಣ ಎಲುಬಿನಲ್ಲಿ ಹಳೇ ಮುರಿತ ಇದೆ, ಕೂಡಿಕೊಂಡಿಲ್ಲ ಅಂತ ಬರೆದಿದ್ದಾರೆ. ಕಾರ್ಟಿಲೇಜ್ ಮಾತ್ರ 'ಸರಿಯಾಗಿರುವಂತೆ ಕಾಣುತ್ತದೆ' ಅಂತ ಇದೆ. ಆದರೂ ಸರ್ಜನ್ ಹೇಳೋದು, ಮೊದಲು ದುರ್ಬೀನು (ಕೀಲಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾ) ಹಾಕಿ ಕಾರ್ಟಿಲೇಜ್ ನೋಡ್ತೀನಿ, ಯಾವ ಆಪರೇಷನ್ ಅಂತ ಟೇಬಲ್ ಮೇಲೇ ನಿರ್ಧಾರ ಮಾಡ್ತೀನಿ ಅಂತ. ಎಂಆರ್‌ಐನಲ್ಲಿ ಸರಿ ಇದೆ ಅಂದ ಮೇಲೆ ಮತ್ತೆ ನೋಡೋದು ಏನಿದೆ? ಇದು ಸುಮ್ನೆ ಖರ್ಚು ಅಲ್ವಾ?

ಉತ್ತರ (ರೇಡಿಯಾಲಜಿಸ್ಟ್):
ನೋಡ್ರಿ, ಎಂಆರ್‌ಐ ಓದಿ ರಿಪೋರ್ಟ್ ಬರೆಯೋದೇ ನನ್ನ ಕಸುಬು. ಹಾಗಾಗಿ ನಾನು ಎಂಆರ್‌ಐ ಪರವಾಗಿ ಮಾತಾಡಬೇಕು. ಆದರೆ ಮಣಿಕಟ್ಟಿನ ಕಾರ್ಟಿಲೇಜ್ ವಿಷಯ ಬಂದಾಗ ನಿಮ್ಮ ಸರ್ಜನ್ ಮಾತೇ ಸರಿ.

ರಿಪೋರ್ಟಿನ ಆ ಒಂದು ಪದ ಮತ್ತೆ ಓದಿ. 'ಸರಿಯಾಗಿದೆ' ಅಂತಿಲ್ಲ, 'ಸರಿಯಾಗಿರುವಂತೆ ಕಾಣುತ್ತದೆ' ಅಂತಿದೆ. ಆ 'ಕಾಣುತ್ತದೆ' ಕೈ ತಪ್ಪಿ ಬಂದದ್ದಲ್ಲ. ಬೇಕು ಅಂತಲೇ ಬರೆಯುತ್ತೇವೆ.

ಯಾಕೆ ಅಂದರೆ, ನಿಮಗೆ ವರ್ನಿಯರ್ ಹಿಡಿದು ಗೊತ್ತು, ಅಳತೆಯಲ್ಲೇ ಹೇಳ್ತೀನಿ. ಕಾರ್ಟಿಲೇಜ್ ಅಂದರೆ ಕೀಲಿನ ಒಳಗೆ ಎಲುಬಿನ ಮೇಲೆ ಹಾಸಿದ ನುಣುಪಾದ ಗಾದಿ. ಮೊಣಕಾಲ ಚಿಪ್ಪಿನ ಹಿಂದೆ ಅದು ಕೆಲವು ಕಡೆ 4–5 ಎಂಎಂ ದಪ್ಪ ಇರುತ್ತದೆ. ಮಣಿಕಟ್ಟಿನಲ್ಲಿ ಸುಮಾರು 1 ಎಂಎಂ, ಎಷ್ಟೋ ಕಡೆ ಅದಕ್ಕೂ ಕಡಿಮೆ. ನಾವು ಸಾಮಾನ್ಯವಾಗಿ ತೆಗೆಯುವ ಎಂಆರ್‌ಐ ಸ್ಲೈಸ್ ಒಂದೊಂದೂ 2–3 ಎಂಎಂ ದಪ್ಪ. ಆ ದಪ್ಪದೊಳಗೆ ಏನೇನು ಇದೆಯೋ ಅದೆಲ್ಲ ಕಲಸಿ ಒಂದೇ ಚಿತ್ರ ಆಗುತ್ತದೆ. ಎಲುಬಿನ ಮೇಲ್ಮೈ ದುಂಡಗೆ ಬಾಗಿರುವ ಜಾಗದಲ್ಲಿ ಗಾದಿಗೆ ಸಣ್ಣ ಹಳ್ಳ ಬಿದ್ದಿದ್ದರೆ ಅದು ಆ ಕಲಬೆರಕೆಯಲ್ಲೇ ಮುಚ್ಚಿಹೋಗುತ್ತದೆ. ಅರ್ಧ ಎಂಎಂ ಗೀರನ್ನು ಸ್ಟೀಲ್ ಪಟ್ಟಿ ಇಟ್ಟು ಅಳೆಯಿರಿ ಅಂದರೆ ನೀವು ಅಳೀತೀರಾ?

ಇನ್ನೊಂದು ತೊಂದರೆ ಇದೆ. ಮೇಲಿನ ಎಲುಬಿನ ಗಾದಿ, ಕೆಳಗಿನ ಎಲುಬಿನ ಗಾದಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನಡುವೆ ನೀರು ತುಂಬಿರದಿದ್ದರೆ ಚಿತ್ರದಲ್ಲಿ ಎರಡೂ ಸೇರಿ ಒಂದೇ ಪಟ್ಟಿ. ಆ ಪಟ್ಟಿಯಲ್ಲಿ ಯಾರ ಪಾಲು ಎಷ್ಟು ಸವೆದಿದೆ ಅಂತ ಹೇಳೋದು ಕಷ್ಟ. ಎಂಆರ್‌ಐ ಮಾಡಿ ಆಮೇಲೆ ದುರ್ಬೀನಿನಲ್ಲಿ ನೋಡಿ ತಾಳೆ ಹಾಕಿದವರು ಬಹಳ ಜನ ಇದ್ದಾರೆ. ಎಲ್ಲರಿಗೂ ಕಂಡದ್ದು ಹೆಚ್ಚುಕಡಿಮೆ ಒಂದೇ: ಎಂಆರ್‌ಐ 'ಇಲ್ಲಿ ಸವೆದಿದೆ' ಅಂದರೆ ಬಹಳ ಸಲ ನಿಜ. 'ಸವೆದಿಲ್ಲ' ಅಂದರೆ ಅದನ್ನು ಅಷ್ಟು ನೆಚ್ಚೋ ಹಾಗಿಲ್ಲ, ತಪ್ಪಿಸಿಕೊಳ್ಳುವ ಗಾಯಗಳು ಸಾಕಷ್ಟಿವೆ.

ಹಾಗಂತ 7 ಸಾವಿರ ನೀರಿಗೆ ಹೋಗಿಲ್ಲ. ಉದ್ಯಮಬಾಗದವರು ನೀವು, ಫೌಂಡ್ರಿಯಿಂದ ಬಂದ ಕಾಸ್ಟಿಂಗ್ ದಿನಾ ನೋಡ್ತೀರಿ. ಮೇಲಿನ ಗೀರು, ಒರಟು ಕಣ್ಣಿಗೆ ಕಾಣುತ್ತೆ, ಉಗುರು ಎಳೆದರೆ ಗೊತ್ತಾಗುತ್ತೆ. ಒಳಗೆ ಗಾಳಿ ಸಿಕ್ಕಿ ಆದ ಟೊಳ್ಳು, ನೀವು ಬ್ಲೋ ಹೋಲ್ ಅಂತೀರಲ್ಲ, ಅದು ಕಾಣುತ್ತಾ? ದುರ್ಬೀನೂ ಹಾಗೇ. ಮೇಲ್ಮೈ ಮಾತ್ರ ನೋಡುತ್ತೆ. ಎಲುಬಿನ ಒಳಗೆ ರಕ್ತ ಓಡಾಡುತ್ತಿದೆಯಾ, ಮಜ್ಜೆ ಬಾತಿದೆಯಾ, ಮುರಿದ ತುಂಡು ಬದುಕಿದೆಯಾ, ಅದನ್ನು ಎಂಆರ್‌ಐ ಹೇಳಬೇಕು. ನಿಮ್ಮ ಮುರಿತ ಕೂಡಿಲ್ಲ ಅನ್ನೋದು ಅದರಿಂದಲೇ ಅಲ್ವಾ ಗೊತ್ತಾಗಿದ್ದು? ಅಂದಹಾಗೆ ಬಿದ್ದ ದಿನದ ಎಕ್ಸ್‌ರೇಯಲ್ಲಿ ಸ್ಕೇಫಾಯ್ಡ್ ಮುರಿತ ಕಾಣದೇ ಇರೋದು ಹೊಸದೇನಲ್ಲ. ಅದಕ್ಕೇ ಹೆಬ್ಬೆರಳಿನ ಬುಡದ ಕುಳಿಯಲ್ಲಿ ಒತ್ತಿದರೆ ನೋವಿದ್ದವರಿಗೆ ಕೈ ಕಟ್ಟಿ, 10–14 ದಿನ ಬಿಟ್ಟು ಮತ್ತೊಮ್ಮೆ ತೆಗೀರಿ ಅನ್ನೋದು. ನಿಮಗೆ ಆ ಎರಡನೇ ಎಕ್ಸ್‌ರೇ ಆಗಲಿಲ್ಲ, ತಿಕ್ಕಾಟ ಆಯ್ತು.

ಮರುಪ್ರಶ್ನೆ (ಅದೇ ಟರ್ನರ್):
ಬ್ಲೋ ಹೋಲ್ ಅಂದ ಕೂಡಲೇ ತಿಳೀತು ಸರ್. ಆದರೆ ಕಾರ್ಟಿಲೇಜ್ ಸವೆದಿದ್ರೆ ಏನು, ಸವೆಯದೇ ಇದ್ರೆ ಏನು? ಮುರಿದ ಎಲುಬಿಗೆ ಸ್ಕ್ರೂ ಹಾಕಿದ್ರೆ ಆಯ್ತಲ್ವಾ?

ಉತ್ತರ:
ಆ 'ಏನು' ಮೇಲೇ ನಿಮ್ಮ ಇಡೀ ಆಪರೇಷನ್ ನಿಂತಿದೆ.

ಮಣಿಕಟ್ಟಿನಲ್ಲಿ 8 ಸಣ್ಣ ಎಲುಬು, ಎರಡು ಸಾಲಿನಲ್ಲಿ. ಸ್ಕೇಫಾಯ್ಡ್ ಎರಡೂ ಸಾಲನ್ನು ಹಿಡಿದುಕೊಂಡಿರುವ ದೋಣಿ ಆಕಾರದ ಎಲುಬು. ಅದು ಮುರಿದು ಕೂಡದೇ ಹೋದರೆ ಎರಡು ತುಂಡು ಬೇರೆ ಬೇರೆ ಅಲುಗಾಡುತ್ತವೆ, ಕೀಲು ಓರೆಯಾಗಿ ಉಜ್ಜುತ್ತದೆ. ನೀವು ಓರೆ ಕೂರಿಸಿದ ಬೇರಿಂಗ್ ನೋಡಿರ್ತೀರಿ, ಸವೆತ ಒಂದೇ ಕಡೆಯಿಂದ ಶುರು. ಇಲ್ಲೂ ಸವೆತಕ್ಕೆ ಒಂದು ಸರದಿ ಇದೆ. ಮೊದಲು ಹೆಬ್ಬೆರಳ ಕಡೆ, ಮುಂಗೈಯ ರೇಡಿಯಸ್ ಎಲುಬಿನ ಚೂಪು ತುದಿ ಸ್ಕೇಫಾಯ್ಡಿಗೆ ತಾಗುವ ಜಾಗ. ಆಮೇಲೆ ಸ್ಕೇಫಾಯ್ಡ್ ಮತ್ತು ನಡುವಿನ ದೊಡ್ಡ ಎಲುಬು ಕ್ಯಾಪಿಟೇಟ್ ನಡುವೆ. ಇನ್ನೂ ಬಿಟ್ಟರೆ ಕ್ಯಾಪಿಟೇಟ್ ಮತ್ತು ಸ್ಕೇಫಾಯ್ಡ್ ಪಕ್ಕದ ಲೂನೇಟ್ ಎಲುಬಿನ ನಡುವೆ. ಲೂನೇಟ್ ರೇಡಿಯಸ್ ಮೇಲೆ ಕೂರುವ ಜಾಗ ಮಾತ್ರ ಸಾಮಾನ್ಯವಾಗಿ ಕೊನೆವರೆಗೂ ಉಳಿದುಕೊಳ್ಳುತ್ತೆ.

ಈಗ ಸರ್ಜನ್ ಕಣ್ಣಿಂದ ನೋಡಿ. ಗಾದಿ ಎಲ್ಲಾ ಕಡೆ ಚೆನ್ನಾಗಿದ್ದರೆ, ಇಲ್ಲಾ ಚೂಪು ತುದಿಯಲ್ಲಿ ಮಾತ್ರ ಸ್ವಲ್ಪ ಸವೆದಿದ್ದರೆ, ಎಲುಬಿನ ಪುಡಿ ತುಂಬಿ ಸ್ಕ್ರೂ ಹಾಕಿ ನಿಮ್ಮ ಎಲುಬು ನಿಮಗೇ ಉಳಿಸಿಕೊಡಬಹುದು. ಆ ತುದಿಯನ್ನು ಚೂರು ಕೆತ್ತಿದರೆ ಸಾಕು. ಸವೆತ ಒಳಗೆ ಹೋಗಿದ್ದರೆ ಬರೀ ಸ್ಕ್ರೂ ಹಾಕಿ ಪ್ರಯೋಜನ ಇಲ್ಲ, ಎಲುಬು ಕೂಡಿದರೂ ನೋವು ಹೋಗಲ್ಲ. ಆಗ ಎರಡು ದಾರಿ. ಮೊದಲನೇ ಸಾಲಿನ ಮೂರು ಎಲುಬು ತೆಗೆದು ಕ್ಯಾಪಿಟೇಟಿನ ತಲೆಯನ್ನು ನೇರ ರೇಡಿಯಸ್ ಮೇಲೆ ಕೂರಿಸೋದು ಒಂದು. ಸ್ಕೇಫಾಯ್ಡ್ ಒಂದನ್ನೇ ತೆಗೆದು ಉಳಿದವುಗಳಲ್ಲಿ ನಾಲ್ಕು ಎಲುಬನ್ನು ಬೆಸೆಯೋದು ಇನ್ನೊಂದು. ಎರಡರಲ್ಲೂ ಮಣಿಕಟ್ಟು ಬಾಗೋದು ಸುಮಾರು ಅರ್ಧಕ್ಕೆ ಬರುತ್ತೆ. ಮೊದಲನೆಯದಕ್ಕೆ ಕ್ಯಾಪಿಟೇಟಿನ ತಲೆಯ ಗಾದಿ ಗಟ್ಟಿಯಾಗಿರಲೇಬೇಕು. ಅದು ಹೋಗಿದ್ದರೆ ಆ ದಾರಿ ಬಂದ್.

ಈಗ ಹೇಳಿ, ಲೇಥ್ ಮೇಲೆ ಇನ್ನೂ 25 ವರ್ಷ ದುಡಿಯಬೇಕಾದ ಕೈಗೆ ಈ ನಿರ್ಧಾರವನ್ನು ನಮ್ಮ 'ಕಾಣುತ್ತದೆ' ನಂಬಿ ಮಾಡೋದಾ? ಟೇಬಲ್ ಮೇಲೆ ನೋಡಿ ನಿರ್ಧಾರ ಮಾಡ್ತೀನಿ ಅಂದರಲ್ಲ, ಅಂಥ ಸರ್ಜನ್ ಸಿಕ್ಕಿದ್ದು ಒಳ್ಳೇದೇ ಆಯ್ತು. ಒಂದು ಮಾತ್ರ ಮಾಡಿ. ಒಳಗೆ ಏನು ಸಿಕ್ಕರೆ ಏನು ಮಾಡ್ತೀರಿ ಅಂತ ಮೊದಲೇ ಕೂತು ಕೇಳಿ. ಒಪ್ಪಿಗೆ ಪತ್ರದಲ್ಲಿ ಎಲ್ಲಾ ದಾರಿಯೂ ಬರೆದಿರಲಿ. ಆಪರೇಷನ್ ಮುಗಿದು ಎದ್ದ ಮೇಲೆ 'ಎಲುಬೇ ತೆಗೆದುಬಿಟ್ಟರು' ಅನ್ನೋ ಹಾಗಾಗಬಾರದು.

ಪ್ರಶ್ನೆ (ವಿಜಯಪುರ, ನಿವೃತ್ತ ಮಾಸ್ತರ್):
ನಡುವೆ ಬಾಯಿ ಹಾಕ್ತೀನಿ, ಸಿಟ್ಟಾಗಬೇಡಿ. ಮೊದಲು ಎಕ್ಸ್‌ರೇ, ಆಮೇಲೆ ಎಂಆರ್‌ಐ, ಆಮೇಲೆ ದುರ್ಬೀನು. ಕೊನೆಗೆ ದುರ್ಬೀನೇ ಖರೆ ಅನ್ನೋದಾದ್ರೆ ಮೊದಲೇ ಅದನ್ನೇ ಹಾಕಬಾರದಾ? ಇದೆಲ್ಲ ಹೊಸ ಫ್ಯಾಷನ್, ದುಡ್ಡಿನ ಆಟ ಅನಿಸುತ್ತೆ ನನಗೆ.

ಉತ್ತರ:
ಸಿಟ್ಟೇನಿಲ್ಲ ಕಾಕಾ. ಫ್ಯಾಷನ್ ಅಂತೂ ಅಲ್ಲ. ಜಪಾನಿನ ಕೆಂಜಿ ತಕಾಗಿ ಅನ್ನೋರು ಮೂತ್ರಕೋಶ ನೋಡುವ ದುರ್ಬೀನನ್ನು ಮೊಣಕಾಲಿನೊಳಗೆ ಹಾಕಿ ನೋಡಿದ್ದು 1918ರಲ್ಲಿ. ಮಣಿಕಟ್ಟಿಗೆ ಬರೋದು ತಡ ಆಯ್ತು, ಜಾಗ ಅಷ್ಟು ಇಕ್ಕಟ್ಟು.

ಮೊದಲೇ ಯಾಕೆ ಹಾಕಲ್ಲ ಅಂದರೆ, ಅದು ಆಪರೇಷನ್. ಅರಿವಳಿಕೆ ಕೊಟ್ಟು ಕೈ ಪೂರ್ತಿ ಮರಗಟ್ಟಿಸಬೇಕು. ಬೆರಳಿಗೆ ಜಾಳಿಗೆಯಂಥ ಬಲೆ ಸಿಕ್ಕಿಸಿ ಕೈಯನ್ನು ಮೇಲಕ್ಕೆ ತೂಗುಹಾಕುತ್ತಾರೆ, ಮೊಣಕೈ ಮಡಚಿ, 5 ಕೆಜಿ ಆಸುಪಾಸು ಎಳೆತ ಕೊಟ್ಟು. ಆಗ ಕೀಲು ಕೆಲವೇ ಎಂಎಂ ಬಾಯಿ ಬಿಡುತ್ತೆ. ಮಣಿಕಟ್ಟಿನ ಬೆನ್ನ ಕಡೆ, ಸ್ನಾಯುವಿನ ಹುರಿಗಳ ನಡುವೆ ಅಕ್ಕಿಕಾಳಿನಷ್ಟು ಸೀಳಿ 1.9 ಇಲ್ಲಾ 2.7 ಎಂಎಂ ಕ್ಯಾಮೆರಾ ತೂರಿಸಬೇಕು. ಇನ್ನೊಂದು ತೂತಿನಿಂದ ತುದಿ ಬಾಗಿದ ಸಣ್ಣ ಕಡ್ಡಿ ಹೋಗುತ್ತೆ. ನನಗೆ ಹೊಟ್ಟೆಕಿಚ್ಚು ಬರೋದು ಆ ಕಡ್ಡಿ ಮೇಲೆ! ಗಾದಿ ನೋಡೋಕೆ ಬೆಳ್ಳಗೆ ಹೊಳೆಯುತ್ತಿರುತ್ತೆ, ಕಡ್ಡಿ ಒತ್ತಿದರೆ ಮೆತ್ತಗೆ ಕುಸಿಯುತ್ತೆ. ಸವೆತದ ಮೊದಲ ಹಂತ ಅದೇ. 1961ರಲ್ಲಿ ಔಟರ್‌ಬ್ರಿಜ್ ಅನ್ನೋ ಸರ್ಜನ್ ಮೊಣಕಾಲ ಚಿಪ್ಪಿಗೆ ಮಾಡಿದ ದರ್ಜೆಯನ್ನೇ ಈಗ ಮಣಿಕಟ್ಟಿಗೂ ಹಚ್ಚುತ್ತಾರೆ: ಮೆತ್ತಗಾದರೆ ಒಂದನೇ ದರ್ಜೆ, ಎಲುಬೇ ಬರಿದಾದರೆ ನಾಲ್ಕನೇ ದರ್ಜೆ. ನನ್ನ ಮಷೀನಿಗೆ ಒತ್ತಿ ನೋಡೋಕೆ ಬೆರಳಿಲ್ಲ.

ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಅಲ್ಲಿ ಚರ್ಮದ ಕೆಳಗೇ ಸಣ್ಣ ನರಗಳು ಹರಿದಾಡುತ್ತವೆ. ಒಂದಕ್ಕೆ ಪೆಟ್ಟಾದರೆ ಕೈ ಬೆನ್ನ ಮೇಲೆ ಜೋಮು ಉಳಿಯಬಹುದು. ಸೋಂಕು, ಕೀಲು ಬಿಗಿಯೋದು, ಇವೂ ಇವೆ. ಹಾಗಾಗಿ ಬರೀ 'ನೋಡೋಣ' ಅಂತ ಕೈ ಕೊಯ್ಯೋದು ಸರಿಯಲ್ಲ. ನೋಡಿದ್ದರಿಂದ ಮುಂದಿನ ಕೆಲಸ ಬದಲಾಗುತ್ತೆ ಅನ್ನೋ ಕಡೆ ಮಾತ್ರ ಹಾಕಬೇಕು. ಟರ್ನರ್ ಅವರದ್ದು ಅಂಥ ಕೇಸು.

ಪ್ರಶ್ನೆ (ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ):
ಸರ್, ನಮ್ಮ ಅವ್ವನಿಗೆ 61. ಖಣದ ಮಗ್ಗದಲ್ಲಿ ಕೂತು ನೇಯ್ದ ಕೈ. ಎರಡೂ ಮಣಿಕಟ್ಟು ಬಾತಿವೆ, ರೊಟ್ಟಿ ತಟ್ಟೋಕೆ ಆಗಲ್ಲ, ಬೆಳಗ್ಗೆ ಎದ್ದಾಗ ಗಂಟೆಗಟ್ಟಲೆ ಬೆರಳು ಮಡಚಲ್ಲ. ಎಕ್ಸ್‌ರೇಯಲ್ಲಿ ಎಲುಬು ಎಲುಬಿಗೆ ಅಂಟಿದ ಹಾಗೆ ಇದೆ, ಸಂದೇ ಇಲ್ಲ ಅಂದರು. ಎಂಆರ್‌ಐ ಮಾಡಿಸಲಾ? ಇಲ್ಲಾ ದುರ್ಬೀನು ಹಾಕಿಸಲಾ?

ಉತ್ತರ:
ಗಾದಿ ನೋಡೋಕೆ ಅಂತಾದರೆ ಎರಡೂ ಬೇಡ ತಂಗಿ. ಎಕ್ಸ್‌ರೇಯಲ್ಲಿ ಗಾದಿ ಕಾಣಲ್ಲ, ಅದು ಇರೋ ಜಾಗ ಕಪ್ಪು ಸಂದಾಗಿ ಕಾಣುತ್ತೆ. ಸಂದೇ ಮಾಯ ಆಗಿದೆ ಅಂದರೆ ಗಾದಿ ಹೋಗಿದೆ. ಗೊತ್ತಿರೋದನ್ನೇ ಮತ್ತೆ ದುಡ್ಡು ಕೊಟ್ಟು ತಿಳ್ಕೋಬೇಡಿ. ಎರಡೂ ಕೈ ಬಾವು, ಬೆಳಗಿನ ಬಿಗಿತ ಅಷ್ಟು ಹೊತ್ತು ಅಂದರೆ ಇದು ಬರೀ ಸವೆತ ಅಲ್ಲದೇ ಇರಬಹುದು, ರುಮಟಾಯ್ಡ್ ವಾತ ಇದೆಯಾ ಅಂತ ರಕ್ತ ಪರೀಕ್ಷೆ ಆಗಬೇಕು. ವಾತದ ಡಾಕ್ಟರ್ ಹತ್ತಿರ ಮೊದಲು ಹೋಗಿ, ತಡ ಮಾಡಬೇಡಿ. ಉಳಿದ ಕೀಲುಗಳನ್ನಾದರೂ ಔಷಧಿಯಿಂದ ಕಾಪಾಡಬಹುದು.

ಪ್ರಶ್ನೆ (ಜಮಖಂಡಿ, ಗರಡಿ ಹುಡುಗ):
ಸರ್, ನನಗೆ 23. ಕುಸ್ತಿ ಆಡ್ತೀನಿ. ಬಿದ್ದ ನೆನಪೇ ಇಲ್ಲ, ಆದರೆ ಮಣಿಕಟ್ಟಿನ ನಡುಮಧ್ಯ ನೋವು, ದಂಡ ಹೊಡೆಯೋಕೆ ಆಗ್ತಿಲ್ಲ. ಎಕ್ಸ್‌ರೇ ಸರಿ ಇದೆ ಅಂದರು. ನೀವು ಹೇಳಿದ ಲೆಕ್ಕದಲ್ಲಿ ನಾನೂ ನೇರ ದುರ್ಬೀನಿಗೇ ಹೋಗಲಾ?

ಉತ್ತರ:
ಬೇಡಪ್ಪ, ನಿನಗೆ ಲೆಕ್ಕ ಪೂರ್ತಿ ಉಲ್ಟಾ. ನಿನ್ನ ವಯಸ್ಸಿನಲ್ಲಿ, ನಡುಮಧ್ಯದ ನೋವು, ಎಕ್ಸ್‌ರೇ ಸರಿ ಅಂದಾಗ ನನಗೆ ಮೊದಲು ನೆನಪಾಗೋದು ಕೀನ್‌ಬಾಕ್ ಕಾಯಿಲೆ. ಲೂನೇಟ್ ಎಲುಬಿಗೆ ರಕ್ತ ಹೋಗೋದು ನಿಂತು ಅದು ನಿಧಾನಕ್ಕೆ ಸಾಯೋದು. 1910ರಲ್ಲಿ ಇದನ್ನು ವಿವರಿಸಿದ್ದು ವಿಯೆನ್ನಾದ ರಾಬರ್ಟ್ ಕೀನ್‌ಬಾಕ್, ನಮ್ಮ ಕಸುಬಿನವರೇ, ರೇಡಿಯಾಲಜಿಸ್ಟ್. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಇರುತ್ತೆ, ಗಾದಿಯೂ ಹೊಳೆಯುತ್ತಿರುತ್ತೆ. ದುರ್ಬೀನು ಹಾಕಿದರೆ 'ಎಲ್ಲಾ ಚೆನ್ನಾಗಿದೆ' ಅಂತ ಹೊರಗೆ ಬರುತ್ತಾರೆ. ಒಳಗೆ ಎಲುಬು ಸೊರಗಿರೋದು ಎಂಆರ್‌ಐಗೆ ಮಾತ್ರ ಗೊತ್ತಾಗುತ್ತೆ. ಬ್ಲೋ ಹೋಲ್ ಅಂದೆನಲ್ಲ, ಅದೇ. ಹಾಗಂತ ನಿನಗೆ ಇದೇ ಇದೆ ಅಂತ ನಾನು ಹೇಳ್ತಿಲ್ಲ, ಕೈ ಮುಟ್ಟಿ ನೋಡದೇ ಹೇಳೋಕೂ ಆಗಲ್ಲ. ಎಂಆರ್‌ಐ ಆಗೋವರೆಗೂ ದಂಡ ಹೊಡೆಯೋದು ಬಿಡು, ಉಸ್ತಾದರಿಗೆ ನನ್ನ ಹೆಸರು ಹೇಳು ಬೇಕಾದರೆ.

ಕಾಮೆಂಟ್ (ಕೈ ಸರ್ಜನ್, ಬೆಳಗಾವಿ):
ಸರ್, ದುರ್ಬೀನನ್ನು ಹೊಗಳಿದ್ದು ಸ್ವಲ್ಪ ಜಾಸ್ತಿ ಆಯ್ತು. ನಮಗೂ ಕಾಣದ ಮೂಲೆಗಳಿವೆ. ಹೆಬ್ಬೆರಳ ಬುಡದ ಹತ್ತಿರ ಸ್ಕೇಫಾಯ್ಡ್ ಮುಂದಿನ ಎಲುಬುಗಳಿಗೆ ಕೂಡುವ ಜಾಗ, ಕಿರುಬೆರಳ ಕಡೆಯ ಬಟಾಣಿ ಎಲುಬಿನ ಹಿಂದೆ, ಇಲ್ಲೆಲ್ಲ ಕ್ಯಾಮೆರಾ ತಿರುಗಿಸೋದು ಕಷ್ಟ. ಕೀಲಿನೊಳಗೆ ಬಾವಿನ ಪದರ ತುಂಬಿದ್ದರೆ ಮೊದಲು ಅದನ್ನು ಕೆರೆದು ತೆಗೆಯೋವರೆಗೂ ಏನೂ ಕಾಣಲ್ಲ. ಮತ್ತೆ ದರ್ಜೆ ಕೊಡೋದರಲ್ಲೂ ನಾನು ಎರಡು ಅಂದದ್ದನ್ನು ಇನ್ನೊಬ್ಬರು ಮೂರು ಅಂದಾರು. ಇನ್ನೊಂದು, ಎಂಆರ್‌ಐ ಇಲ್ಲದೇ ದುರ್ಬೀನಿಗೆ ಬಂದ ಪೇಷಂಟ್ ಅಂದರೆ ನನಗೇ ಭಯ. ಯಾವ ಕಡೆಯಿಂದ ಒಳಗೆ ಹೋಗಬೇಕು, ಎಲ್ಲಿ ಅನುಮಾನ ಪಡಬೇಕು ಅನ್ನೋ ನಕ್ಷೆ ನಿಮ್ಮದೇ ಅಲ್ವಾ.

ಉತ್ತರ (ರೇಡಿಯಾಲಜಿಸ್ಟ್):
ಒಪ್ಪಿದೆ ಸರ್. ಆದರೆ ನಕ್ಷೆ ಚೆನ್ನಾಗಿ ಬರಬೇಕಾದರೆ ನಿಮ್ಮವರು ಚೀಟಿಯಲ್ಲಿ 'ಮಣಿಕಟ್ಟು ನೋವು' ಅಂತ ಎರಡೇ ಪದ ಬರೆದು ಕಳಿಸೋದು ನಿಲ್ಲಿಸಬೇಕು! ಎಲ್ಲಿ ನೋವು, ಎಂದು ಬಿದ್ದಿದ್ದು, ಏನು ಅನುಮಾನ ಅಂತ ಒಂದು ಸಾಲು ಬರೆದರೆ ಆ ಮೂಲೆಗೆ ತೆಳು ಸ್ಲೈಸ್ ಹಾಕಿಸ್ತೀವಿ.

ಪ್ರಶ್ನೆ (ಚಿಕ್ಕೋಡಿ):
ಡಾಕ್ಟ್ರೇ, 3 ಟೆಸ್ಲಾ ಮಷೀನಿನಲ್ಲಿ ಮಾಡಿಸಿದರೆ ಎಲ್ಲಾ ಕಾಣುತ್ತಂತೆ, ಅದಕ್ಕಾಗಿ ಬೆಂಗಳೂರಿಗೆ ಹೋಗಲಾ? ಸೂಜಿ ಚುಚ್ಚಿ ಮಾಡೋ ಸ್ಕ್ಯಾನಿಂಗ್ ಅಂತಲೂ ಒಬ್ಬರು ಹೇಳಿದ್ರು.

ಉತ್ತರ:
ಟೆಸ್ಲಾ ಅಂದರೆ ಮಷೀನಿನ ಅಯಸ್ಕಾಂತದ ಬಲದ ಅಳತೆ. 3 ಟೆಸ್ಲಾ 1.5ಕ್ಕಿಂತ ಒಳ್ಳೇದೇ, ಆದರೆ 'ಎಲ್ಲಾ' ಕಾಣಲ್ಲ. ಟೆಸ್ಲಾ ಕೇಳೋ ಮೊದಲು ಮಣಿಕಟ್ಟಿಗೇ ಅಂತ ಬೇರೆ ಕಾಯಿಲ್ ಇದೆಯಾ ಅಂತ ಕೇಳಿ. ಕಾಯಿಲ್ ಅಂದರೆ ಕೈ ಸುತ್ತ ಹಾಕುವ ಪೆಟ್ಟಿಗೆ, ಸಿಗ್ನಲ್ ಹಿಡಿಯೋದು ಅದೇ. ಮೊಣಕಾಲಿನ ದೊಡ್ಡ ಕಾಯಿಲ್‌ನಲ್ಲಿ ಮಣಿಕಟ್ಟು ಇಟ್ಟು ತೆಗೆದ ಚಿತ್ರ ಮಬ್ಬು. ಆಮೇಲೆ ಕೈ ಇಡೋ ರೀತಿ. ಕೆಲವು ಮಷೀನಿನಲ್ಲಿ ಬೋರಲು ಮಲಗಿ ಕೈಯನ್ನು ತಲೆ ಮುಂದೆ ಚಾಚಬೇಕು, ಅರ್ಧ ಗಂಟೆ ಹಾಗೇ. ಭುಜ ಸೆಳೆಯುತ್ತೆ, ಕೈ ನಡುಗುತ್ತೆ. ನಡುಗಿದರೆ ಎಷ್ಟು ಟೆಸ್ಲಾ ಇದ್ದರೂ ಅಷ್ಟೇ. ನೋವು ಜಾಸ್ತಿ ಇದ್ದರೆ ಮೊದಲೇ ಟೆಕ್ನಿಷಿಯನ್‌ಗೆ ಹೇಳಿ, ಕೈ ಪಕ್ಕಕ್ಕೆ ಇಟ್ಟೂ ತೆಗೆಯೋಕೆ ಆಗುತ್ತೆ.

ಸೂಜಿದು ಅಂದರೆ ಆರ್ಥ್ರೋಗ್ರಾಂ. ಕೀಲಿನೊಳಗೆ ಔಷಧಿ ಬಿಟ್ಟು ಆಮೇಲೆ ಸಿಟಿ ಇಲ್ಲಾ ಎಂಆರ್‌ಐ. ಆ ಔಷಧಿ ಎರಡು ಗಾದಿಗಳ ನಡುವೆ ನುಗ್ಗಿ ಬೇರೆ ಮಾಡಿ ತೋರಿಸುತ್ತೆ. ಬರೀ ಗಾದಿಯ ಪ್ರಶ್ನೆ ಇದ್ದರೆ ನನ್ನ ಮತ ಸಿಟಿ ಆರ್ಥ್ರೋಗ್ರಾಂಗೆ. ಸ್ಲೈಸ್ ಅರ್ಧ ಎಂಎಂ ಆಸುಪಾಸು ತೆಳ್ಳಗೆ ಬರುತ್ತೆ, ಮೇಲ್ಮೈಯ ಸಣ್ಣ ಬಿರುಕಿನೊಳಗೂ ಔಷಧಿ ಇಳಿದು ಬೆಳ್ಳಗೆ ಕಾಣುತ್ತೆ. ಆದರೆ ಸೂಜಿ ಇದೆ, ಸ್ವಲ್ಪ ಎಕ್ಸ್‌ರೇ ಕಿರಣ ಇದೆ, ಅಯೋಡಿನ್ ಔಷಧಿ ಆಗಿಬರದವರಿಗೆ ಆಗಲ್ಲ, ಮೆತ್ತಗಾದ ಗಾದಿ ಇದರಲ್ಲೂ ಸಿಗಲ್ಲ. ನಿಮ್ಮ ಸರ್ಜನ್ ಬೇಕು ಅಂದರೆ ಮಾಡಿಸಿ. ನೀವೇ ಕೇಳಿಕೊಂಡು ಹೋಗೋ ಟೆಸ್ಟ್ ಅಲ್ಲ ಅದು.

ಆರು ವಾರದ ಮೇಲೆ (ಟರ್ನರ್):
ಸರ್, ಆಯ್ತು ಆಪರೇಷನ್. ದುರ್ಬೀನು ಹಾಕಿದಾಗ ಆ ಚೂಪು ತುದಿ ಹತ್ತಿರ ತೊಗರಿಬೇಳೆಯಷ್ಟು ಜಾಗದಲ್ಲಿ ಗಾದಿ ಕಿತ್ತುಹೋಗಿ ಎಲುಬು ಕಾಣ್ತಿತ್ತಂತೆ. ಕ್ಯಾಪಿಟೇಟ್ ತಲೆ ಚೆನ್ನಾಗಿದೆ ಅಂದರು. ತುದಿ ಕೆತ್ತಿ, ಎಲುಬಿನ ಪುಡಿ ತುಂಬಿ ಸ್ಕ್ರೂ ಹಾಕಿದ್ದಾರೆ. ಇನ್ನೂ ಪ್ಲಾಸ್ಟರ್ ಇದೆ, ಎಡಗೈಯಲ್ಲಿ ಟೈಪ್ ಮಾಡ್ತಿದ್ದೀನಿ. ಒಳಗಿನ ಫೋಟೋ ಮತ್ತೆ ಹಳೇ ಎಂಆರ್‌ಐ ಸಿಡಿ ಎರಡೂ ನಿಮಗೆ ಕಳಿಸಿದ್ದೀನಿ.

ಉತ್ತರ:
ನೋಡಿದೆ. ಫೋಟೋ ಪಕ್ಕದಲ್ಲಿಟ್ಟುಕೊಂಡು ಎಂಆರ್‌ಐ ಮತ್ತೆ ತೆರೆದೆ. ಆ ಜಾಗದಲ್ಲಿ ಒಂದೇ ಒಂದು ಸ್ಲೈಸಿನಲ್ಲಿ ಗಾದಿಯ ಬೂದು ಗೆರೆ ಕೂದಲೆಳೆಯಷ್ಟು ತೆಳ್ಳಗಾಗಿದೆ, ಅದರ ಹಿಂದಿನದು, ಮುಂದಿನದು ಎರಡೂ ಸರಿ. ಫೋಟೋ ಇಲ್ಲದಿದ್ದರೆ ನಾನೂ 'ಸರಿಯಾಗಿರುವಂತೆ ಕಾಣುತ್ತದೆ' ಅಂತಲೇ ಬರೀತಿದ್ದೆ. ಎಲುಬು ಕೂಡಿದೆಯಾ ಅಂತ ಸಿಟಿ ತೆಗೆದು ಖಾತ್ರಿ ಆಗೋವರೆಗೂ ಚಕ್ ಕೀ ಮುಟ್ಟಬೇಡಿ.